ಹೊರ ಡಿಸ್ಕ್‌ಗೆ ಡೇಟಾಬೇಸ್ ಬ್ಯಾಕಪ್ ತೆವಳುತ್ತಿದೆಯೇ? ಅಡ್ಡಿ ಎಲ್ಲಿದೆ ಎಂದು ಹುಡುಕುವ ಬಗೆ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ರಾತ್ರಿ ಹತ್ತಕ್ಕೆ ಶುರುವಾದ ಬ್ಯಾಕಪ್ ಬೆಳಿಗ್ಗೆ ಜನ ಕೆಲಸಕ್ಕೆ ಕೂರುವ ಹೊತ್ತಾದರೂ ಮುಗಿದಿರುವುದಿಲ್ಲ. ಡಿಸ್ಕಿನ ದೀಪ ಮಿಣುಕುತ್ತಲೇ ಇರುತ್ತದೆ. ಡೇಟಾಬೇಸ್ ಬಳಸುವವರು ಎಲ್ಲವೂ ನಿಧಾನ ಎಂದು ದೂರುತ್ತಾರೆ. ಕೊನೆಗೆ ಯಾರೋ ಬ್ಯಾಕಪ್ಪನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ನನಗೆ ಭಯ ಹುಟ್ಟಿಸುವುದು ಈ ಕೊನೆಯ ಹೆಜ್ಜೆ. ನಿಧಾನವಾದ ಬ್ಯಾಕಪ್ ಮೊದಲು ದಿನ ಬಿಟ್ಟು ದಿನದ್ದಾಗುತ್ತದೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ. ಆದ್ದರಿಂದ ಇದನ್ನು ಬರೀ ಸಮಯ ಉಳಿಸುವ ಕೆಲಸ ಎಂದು ನಾನು ನೋಡುವುದಿಲ್ಲ.

ಒಮ್ಮೆ 300 ಜಿಬಿಯ ಬ್ಯಾಕಪ್ ಒಂದು ಎರಡೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು. ಡಿಸ್ಕ್ ಹಳೆಯದಾಯಿತು ಎಂದುಕೊಂಡು ಹೊಸದನ್ನು ತಂದೆವು, ಸಮಯ ಬದಲಾಗಲಿಲ್ಲ. ಡೇಟಾಬೇಸಿನ ಸೆಟ್ಟಿಂಗ್‌ಗಳನ್ನು ಎರಡು ದಿನ ತಿದ್ದಿದೆವು, ಆಗಲೂ ಅಷ್ಟೇ. ಕೊನೆಗೆ ತಪ್ಪು ಸಿಕ್ಕಿದ್ದು ಕೇಬಲ್ಲಿನಲ್ಲಿ. ಫೋನ್ ಚಾರ್ಜ್ ಮಾಡಲೆಂದು ಮಾಡಿದ ಟೈಪ್-ಸಿ ಕೇಬಲ್ ಅಲ್ಲಿ ಸೇರಿಕೊಂಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ನಮ್ಮ ಚಿಕಿತ್ಸೆ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅಳೆಯುವ ತನಕ ಏನನ್ನೂ ಬದಲಿಸುವುದಿಲ್ಲ.

ಮೊದಲು ಲೆಕ್ಕ

ಬ್ಯಾಕಪ್ ಕಡತದ ಗಾತ್ರವನ್ನು ಎಂಬಿಯಲ್ಲಿ ಬರೆದುಕೊಂಡು, ಹಿಡಿದ ಸೆಕೆಂಡುಗಳಿಂದ ಭಾಗಿಸಿ. ಈ ಒಂದು ಸಂಖ್ಯೆಯೇ ಎಷ್ಟೋ ಸಲ ಅಪರಾಧಿಯ ಬೆರಳಚ್ಚು. 300 ಜಿಬಿಗೆ 2 ಗಂಟೆ 23 ನಿಮಿಷ ಹಿಡಿದರೆ ಸೆಕೆಂಡಿಗೆ 35 ಎಂಬಿ. ಅದೇ ಕಡತ ಸೆಕೆಂಡಿಗೆ 120 ಎಂಬಿಯಂತೆ ಹರಿದರೆ 42 ನಿಮಿಷ, 400 ಎಂಬಿಯಂತೆ ಹರಿದರೆ ಹನ್ನೆರಡೂವರೆ ನಿಮಿಷ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಯುಎಸ್‌ಬಿ ವೇಗ ಸಾಮಾನ್ಯವಾಗಿ ಬಿಟ್‌ಗಳಲ್ಲಿರುತ್ತದೆ, ನಮಗೆ ಬೇಕಾದದ್ದು ಬೈಟ್‌ಗಳಲ್ಲಿ. ಯುಎಸ್‌ಬಿ 2.0 ಎಂದರೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಅದರಲ್ಲಿ ನಿಜವಾಗಿ ಕೈಗೆ ಬರುವುದು 30ರಿಂದ 40. ನಿಮ್ಮ ಲೆಕ್ಕ ಈ ಅಂಕಿಗಳ ನಡುವೆ ಬಂದು, ಎಷ್ಟು ಸಲ ನೋಡಿದರೂ ಅಲ್ಲಾಡದಿದ್ದರೆ ಮುಂದಿನದನ್ನೆಲ್ಲ ಬಿಟ್ಟು ನೇರವಾಗಿ ಕೇಬಲ್ಲಿನ ಭಾಗಕ್ಕೆ ಹೋಗಿ. 2008ರಲ್ಲಿ ಬಂದ ಯುಎಸ್‌ಬಿ 3.0ರ ದರ 5 ಗಿಗಾಬಿಟ್. ಪ್ರತಿ 8 ಬಿಟ್‌ಗೆ 10 ಬಿಟ್ ಕಳಿಸುವ ಸಂಕೇತ ಪದ್ಧತಿಯಿಂದಾಗಿ ಅದು 500 ಎಂಬಿಗೆ ಇಳಿಯುತ್ತದೆ. ಒಳ್ಳೆಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಇದ್ದರೆ 400ರ ಆಸುಪಾಸು ಸಿಗುತ್ತದೆ. ತಿರುಗುವ ತಟ್ಟೆಯ ಚಿಕ್ಕ ಡಿಸ್ಕ್ ಆದರೆ ಪೋರ್ಟ್ ಎಷ್ಟೇ ಹೊಸದಾಗಿರಲಿ 100ರಿಂದ 140 ಎಂಬಿಯೇ ಅದರ ಶಕ್ತಿ. ಅದೂ ಖಾಲಿ ಇರುವಾಗ. ತಟ್ಟೆಯ ಹೊರ ಅಂಚಿನ ಸುತ್ತಿನಲ್ಲಿ ಹೆಚ್ಚು ಡೇಟಾ ಹಿಡಿಯುತ್ತದೆ, ಒಳಗಿನ ಸುತ್ತುಗಳಿಗೆ ಬಂದಂತೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತುಂಬುತ್ತ ಬಂದ ಡಿಸ್ಕ್ ನಿಧಾನವಾದರೆ ಅದು ದೋಷವಲ್ಲ, ಅದರ ರಚನೆಯೇ ಹಾಗೆ.

ಮೂರು ಘಟ್ಟ, ಮೂರು ಅಳತೆ

ಡೇಟಾಬೇಸಿನಿಂದ ಓದುವುದು, ನಡುವೆ ಕುಗ್ಗಿಸುವುದು ಅಥವಾ ಗೂಢಲಿಪಿಗೆ ತಿರುಗಿಸುವುದು, ಹೊರ ಡಿಸ್ಕಿಗೆ ಬರೆಯುವುದು. ಒಟ್ಟು ವೇಗ ಈ ಮೂರರಲ್ಲಿ ಅತಿ ನಿಧಾನದ್ದಕ್ಕಿಂತ ಹೆಚ್ಚಾಗಲಾರದು. ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯಿರಿ, ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ.

ಓದುವ ವೇಗ ತಿಳಿಯಲು ಬ್ಯಾಕಪ್ಪನ್ನು ಎಲ್ಲಿಗೂ ಬರೆಯದೆ ಎಸೆದುಬಿಡಬೇಕು. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಅಥವಾ ಮೈಎಸ್‌ಕ್ಯೂಎಲ್-ಡಂಪ್ (ಡೇಟಾಬೇಸನ್ನು ಕಡತವಾಗಿ ಹೊರತೆಗೆಯುವ ಉಪಕರಣಗಳು) ಆದರೆ ಕುಗ್ಗಿಸುವಿಕೆಯನ್ನು ನಿಲ್ಲಿಸಿ, ಹೊರಹರಿವನ್ನು ಬಂದದ್ದನ್ನೆಲ್ಲ ಎಸೆದುಬಿಡುವ ನಲ್ ಸಾಧನಕ್ಕೆ ತಿರುಗಿಸಿ ಸಮಯ ನೋಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಗುರಿಯ ಹೆಸರನ್ನು ನಲ್ ಎಂದು ಕೊಟ್ಟರೆ ಅದೇ ಕೆಲಸವಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕೇಬೇಕು: ಕಾಪಿ-ಓನ್ಲಿ ಆಯ್ಕೆ ಇಲ್ಲದೆ ಹೀಗೆ ಮಾಡಿದರೆ, ಎಸೆದುಬಿಟ್ಟ ಆ ಬ್ಯಾಕಪ್ಪೇ ಮುಂದಿನ ಡಿಫರೆನ್ಷಿಯಲ್ (ಕಳೆದ ಪೂರ್ಣ ಬ್ಯಾಕಪ್ಪಿನ ನಂತರ ಬದಲಾದದ್ದನ್ನಷ್ಟೇ ಹಿಡಿಯುವ) ಬ್ಯಾಕಪ್‌ಗಳಿಗೆ ಆಧಾರವಾಗಿಬಿಡುತ್ತದೆ, ಅವು ನಿಮ್ಮಲ್ಲಿರುವ ಹಳೆಯ ಪೂರ್ಣ ಬ್ಯಾಕಪ್ಪಿಗೆ ಹೊಂದುವುದಿಲ್ಲ. ಲಾಗ್ (ಬದಲಾವಣೆಗಳ ದಾಖಲೆ) ಬ್ಯಾಕಪ್ಪನ್ನಂತೂ ಯಾವ ಕಾರಣಕ್ಕೂ ನಲ್‌ಗೆ ಕಳಿಸಬೇಡಿ, ಒಂದರ ಹಿಂದೊಂದು ಬರುವ ಲಾಗ್ ಬ್ಯಾಕಪ್‌ಗಳ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಇನ್ನೊಂದು ಮಾತು: ಡಂಪ್‌ಗಳನ್ನು ಎರಡನೇ ಸಲ ಓಡಿಸಿದಾಗ ಅರ್ಧ ಡೇಟಾ ಆಗಲೇ ಮೆಮೊರಿಯಲ್ಲಿರುತ್ತದೆ. ಮೊದಲ ಓಟದ ಸಮಯವನ್ನೇ ನಂಬಿ.

ನಡುವಿನ ಘಟ್ಟಕ್ಕೆ, ಕುಗ್ಗಿಸುವಿಕೆಯನ್ನು ಮತ್ತೆ ಹಾಕಿ ಅದೇ ಪರೀಕ್ಷೆ ಮಾಡಿ. ಪಕ್ಕದಲ್ಲಿ ಟಾಪ್ ಕಮಾಂಡನ್ನೋ ಟಾಸ್ಕ್ ಮ್ಯಾನೇಜರನ್ನೋ ತೆರೆದಿಡಿ. ಒಟ್ಟು ಸಿಪಿಯು ಬಳಕೆ ಶೇ. 12 ಎಂದು ಕಂಡರೆ ಮೋಸಹೋಗಬೇಡಿ. ಎಂಟು ಕೋರ್‌ಗಳ ಯಂತ್ರದಲ್ಲಿ ಒಂದೇ ಕೋರ್ ಉಸಿರುಗಟ್ಟಿ ದುಡಿಯುತ್ತಿದ್ದರೆ ತೋರುವ ಅಂಕಿ ಅದೇ. ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಬೇಕು.

ಬರೆಯುವ ವೇಗಕ್ಕೆ ಡೇಟಾಬೇಸಿನ ಗೊಡವೆಯೇ ಬೇಡ. ಒಳಗಿನ ವೇಗದ ಡಿಸ್ಕಿನಲ್ಲಿರುವ ಒಂದು ದೊಡ್ಡ ಹಳೆಯ ಬ್ಯಾಕಪ್ ಕಡತವನ್ನು ಹೊರ ಡಿಸ್ಕಿಗೆ ನಕಲು ಮಾಡಿ. ಲಿನಕ್ಸ್‌ನಲ್ಲಿ ಡಿಡಿ ಎಂಬ ನಕಲು ಕಮಾಂಡನ್ನು 4 ಎಂಬಿ ಬ್ಲಾಕ್, ಡೈರೆಕ್ಟ್ (ಮೆಮೊರಿಯಲ್ಲಿ ನಿಲ್ಲದೆ ನೇರ) ಬರವಣಿಗೆಯ ಆಯ್ಕೆಗಳೊಡನೆ ಓಡಿಸುವುದು ವಾಸಿ. ಗುರಿ ಹೊರ ಡಿಸ್ಕಿನ ಒಳಗಿನ ಒಂದು ಕಡತವಾಗಿರಲಿ. ತಪ್ಪಿ ಡಿಸ್ಕ್ ಸಾಧನದ ಹೆಸರನ್ನೇ ಕೊಟ್ಟರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮುನ್ನ ಆ ಸಾಲನ್ನು ನಾನು ಈಗಲೂ ಎರಡು ಸಲ ಓದುತ್ತೇನೆ. ಮುಖ್ಯವಾಗಿ, ಪರೀಕ್ಷೆಯ ಕಡತ ಚಿಕ್ಕದಾಗಿರಬಾರದು. ಒಂದು ಜಿಬಿ ಬರೆದು 400 ಎಂಬಿ ಬಂತು ಎಂದರೆ ಏನೂ ತಿಳಿದಂತಾಗಲಿಲ್ಲ, ಅದು ಮೆಮೊರಿಯದೋ ಡಿಸ್ಕಿನ ಒಳ ಕ್ಯಾಶ್‌ನದೋ ವೇಗವಿರಬಹುದು. ಕಡೇ ಪಕ್ಷ 100 ಜಿಬಿ ಬರೆಯಿರಿ. ಪ್ರತಿ ನಿಮಿಷದ ವೇಗವನ್ನು ಐಒಸ್ಟ್ಯಾಟ್ ಕಮಾಂಡಿನಲ್ಲಿ ಗಮನಿಸಿ. ಸರಾಸರಿಗಿಂತ ವೇಗದ ಏರಿಳಿತವೇ ಹೆಚ್ಚು ಮಾತಾಡುತ್ತದೆ.

ಮೂರೂ ಸಮಯಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಇಡೀ ಬ್ಯಾಕಪ್ಪಿನ ಸಮಯಕ್ಕೆ ಯಾವುದು ಹತ್ತಿರವೋ ದೋಷ ಅಲ್ಲಿದೆ. ಯಾವುದೂ ಹತ್ತಿರವಿಲ್ಲದಿದ್ದರೆ ಎರಡು ಘಟ್ಟಗಳು ಒಂದೇ ಡಿಸ್ಕನ್ನೋ ಒಂದೇ ಹಬ್ಬನ್ನೋ ಹಂಚಿಕೊಂಡು ಒಂದಕ್ಕೊಂದು ಕಾಲು ಕೊಡುತ್ತಿರಬಹುದು.

ಕೇಬಲ್, ಪೋರ್ಟ್, ಹಬ್

ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು ಟಿ ಆಯ್ಕೆಯೊಡನೆ ಓಡಿಸಿದರೆ ಸಾಧನಗಳ ಮರ ಕಾಣುತ್ತದೆ. ನಿಮ್ಮ ಡಿಸ್ಕಿನ ಸಾಲಿನ ಕೊನೆಯಲ್ಲಿ 480 ಎಂದಿದ್ದರೆ ಅದು 2.0ಕ್ಕೆ ಇಳಿದಿದೆ, 5000 ಅಥವಾ 10000 ಇರಬೇಕು. 3.0 ಡಿಸ್ಕ್ 2.0ಕ್ಕೆ ಇಳಿಯಲು ಕಾರಣಗಳು ತೀರ ಸಣ್ಣವು: ಚಾರ್ಜಿಂಗ್ ಕೇಬಲ್, ಮುಂಭಾಗದ ಹಳೆಯ ಪೋರ್ಟ್, ಪೂರ್ತಿ ಒಳಗೆ ಕೂರದ ಪ್ಲಗ್. 3.0ಕ್ಕೆ ಬೇಕಾದ ಹೆಚ್ಚುವರಿ ತಂತಿಗಳು ಪ್ಲಗ್ಗಿನ ಒಳತುದಿಯಲ್ಲಿರುತ್ತವೆ, ಅರ್ಧ ತೂರಿಸಿದರೆ ಹಳೆಯ ನಾಲ್ಕು ತಂತಿಗಳಷ್ಟೇ ತಾಗುತ್ತವೆ. ಡಿಸ್ಕ್ ಕೆಲಸ ಮಾಡುತ್ತದೆ, ಯಾವ ದೂರನ್ನೂ ಹೇಳುವುದಿಲ್ಲ, ಹತ್ತು ಪಟ್ಟು ನಿಧಾನವಾಗಿರುತ್ತದೆ ಅಷ್ಟೆ. ಟೈಪ್-ಸಿ ಕೇಬಲ್ಲುಗಳಲ್ಲಿ ಹೊರನೋಟಕ್ಕೆ ಭೇದವೇ ತಿಳಿಯದು. ಡಿಸ್ಕಿನ ಜೊತೆ ಬಂದ ಕೇಬಲ್ಲಿಗೆ ಒಂದು ಚೀಟಿ ಕಟ್ಟಿ, ಬೇರೆ ಕೆಲಸಕ್ಕೆ ಕೊಡದಿರುವುದೇ ಉಪಾಯ.

ಅದೇ ಸಾಲಿನಲ್ಲಿ ಡ್ರೈವರ್ ಹೆಸರೂ ಇರುತ್ತದೆ. ಯುಎಎಸ್ ಎಂದಿದ್ದರೆ ಒಳ್ಳೆಯದು, ಹಲವು ಆದೇಶಗಳು ಒಟ್ಟಿಗೆ ಸರದಿಯಲ್ಲಿ ನಿಲ್ಲಬಲ್ಲವು. ಯುಎಸ್‌ಬಿ-ಸ್ಟೋರೇಜ್ ಎಂದಿದ್ದರೆ ಒಂದು ಆದೇಶ ಮುಗಿದ ಮೇಲಷ್ಟೇ ಮುಂದಿನದು. ದೊಡ್ಡ ಕಡತವೊಂದನ್ನು ಒಂದೇ ಸಮನೆ ಬರೆಯುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಸಾವಿರಾರು ಸಣ್ಣ ಕಡತಗಳಿರುವಾಗ ಕಾಣುತ್ತದೆ.

ಆಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ನೋಡಿ. ಬ್ಯಾಕಪ್ ನಡೆಯುವ ಹೊತ್ತಿನಲ್ಲಿ ಸಾಧನ ರೀಸೆಟ್ ಆಯಿತು ಎಂಬ ಸಾಲುಗಳು ಮತ್ತೆ ಮತ್ತೆ ಬಂದರೆ, ವೇಗದ ಗ್ರಾಫ್ ಹಲ್ಲು ಹಲ್ಲಾಗಿ ಸೊನ್ನೆಗೆ ಬಿದ್ದು ಏಳುತ್ತಿದ್ದರೆ, ವಿದ್ಯುತ್ ಸಾಲುತ್ತಿಲ್ಲ ಅಥವಾ ಕೇಬಲ್ ಸವೆದಿದೆ. ಸಾಮಾನ್ಯ ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬಲ್ಲದು, 2.0 ಆದರೆ 500. ತನ್ನದೇ ಅಡಾಪ್ಟರ್ ಇಲ್ಲದ ಹಬ್ಬಿನಲ್ಲಿ ಎರಡು ಡಿಸ್ಕ್ ಚುಚ್ಚಿದರೆ ಈ ಪಾಲನ್ನೇ ಅವು ಹಂಚಿಕೊಳ್ಳಬೇಕು. ವಿಂಡೋಸ್‌ನಲ್ಲಿ ಇದೇ ಸುದ್ದಿ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 129 ಅಥವಾ 153ನೇ ಸಂಖ್ಯೆಯ ಎಚ್ಚರಿಕೆಯಾಗಿ ಬರುತ್ತದೆ. ಹಬ್ ತೆಗೆದು, ಹಿಂಭಾಗದ ಪೋರ್ಟ್‌ಗೆ ನೇರವಾಗಿ ಚುಚ್ಚಿ ಮತ್ತೆ ಅಳೆಯಿರಿ.

ಡಿಸ್ಕಿನದ್ದೇ ಸ್ವಭಾವ

ಬರೆಯುವ ಪರೀಕ್ಷೆಯಲ್ಲಿ ಮೊದಲ ಕೆಲವು ಹತ್ತು ಜಿಬಿ ಸೊಗಸಾಗಿ 120 ಎಂಬಿಯಲ್ಲಿ ಹರಿದು, ಆಮೇಲೆ ಇದ್ದಕ್ಕಿದ್ದಂತೆ 20ಕ್ಕೋ 10ಕ್ಕೋ ಕುಸಿದರೆ ಅದು ಬಹುತೇಕ ಎಸ್‌ಎಂಆರ್ ಡಿಸ್ಕ್. ಹೆಂಚು ಹೊದಿಸಿದ ಹಾಗೆ ಇದರಲ್ಲಿ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಸ್ವಲ್ಪ ಹತ್ತಿ ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕಾದಂತೆ, ಒಂದು ಕಡೆ ತಿದ್ದಲು ಆ ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕು. ಆ ನೋವು ಕಾಣದಿರಲೆಂದು ಡಿಸ್ಕ್ ಹೊಸ ಡೇಟಾವನ್ನು ಮೊದಲು ಒಂದು ತಾತ್ಕಾಲಿಕ ಜಾಗಕ್ಕೆ ಬರೆದುಕೊಂಡು, ಬಿಡುವಾದಾಗ ಸರಿಯಾದ ಸ್ಥಳಕ್ಕೆ ಸಾಗಿಸುತ್ತದೆ. ಬ್ಯಾಕಪ್‌ಗೆ ಬಿಡುವು ಎಲ್ಲಿ? ಜಾಗ ತುಂಬಿದ ಕೂಡಲೇ ಸಾಗಣೆ ಮತ್ತು ಬರವಣಿಗೆ ಒಟ್ಟಿಗೆ ನಡೆಯಬೇಕಾಗುತ್ತದೆ. ಚಿಕ್ಕ ಹೊರ ಡಿಸ್ಕ್‌ಗಳಲ್ಲಿ ಹೆಚ್ಚಿನವು ಈಗ ಈ ಬಗೆಯವೇ. ಹಳೆಯ ಬ್ಯಾಕಪ್ ಅಳಿಸಿ ಅದೇ ಜಾಗದಲ್ಲಿ ಹೊಸದು ಬರೆಯುವ ನಮ್ಮ ವಾಡಿಕೆ ಇವಕ್ಕೆ ಅತಿ ಕಷ್ಟದ್ದು.

ಇಲ್ಲಿ ಯಾವ ಸೆಟ್ಟಿಂಗೂ ಪೂರ್ತಿ ಪರಿಹಾರವಲ್ಲ. ಬರೆಯುವ ಡೇಟಾವನ್ನು ಕಡಿಮೆ ಮಾಡಬಹುದು, ಒಂದೇ ದೊಡ್ಡ ಕಡತವಾಗಿ ಬರೆಯಬಹುದು, ಬ್ಯಾಕಪ್ ಮುಗಿದ ಮೇಲೂ ಡಿಸ್ಕನ್ನು ಒಂದೆರಡು ಗಂಟೆ ಚಾಲೂ ಇಟ್ಟು ಒಳಗಿನ ಸಾಗಣೆಗೆ ಸಮಯ ಕೊಡಬಹುದು. ದಿನವೂ ನೂರಾರು ಜಿಬಿ ಬರೆಯಬೇಕಿದ್ದರೆ ಸುತ್ತುಗಳು ಒಂದರ ಮೇಲೊಂದು ಹತ್ತದ ಸಿಎಂಆರ್ ಬಗೆಯ ದೊಡ್ಡ ಡಿಸ್ಕನ್ನೇ ತರಬೇಕು.

ಎಸ್‌ಎಸ್‌ಡಿಯಲ್ಲೂ ಇಂಥದ್ದೇ ಒಂದು ಕುಸಿತವಿದೆ. ಒಂದು ಕೋಶದಲ್ಲಿ ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಬಗೆಯವು ಸ್ವಲ್ಪ ಜಾಗವನ್ನು ಒಂದೇ ಬಿಟ್‌ನ ವೇಗದ ಕ್ಯಾಶ್ ಆಗಿ ಬಳಸುತ್ತವೆ. ಅದು ತುಂಬಿದ ಮೇಲೆ ಕೆಲವು ಮಾದರಿಗಳು ತಿರುಗುವ ಡಿಸ್ಕಿಗಿಂತ ಕೆಳಗಿಳಿಯುತ್ತವೆ. ಡಿಸ್ಕ್ ತುಂಬಿದಷ್ಟೂ ಆ ಕ್ಯಾಶ್ ಸಣ್ಣದಾಗುತ್ತದೆ. ಕಾಲು ಭಾಗ ಖಾಲಿ ಬಿಡುವುದು ನನ್ನ ಅಭ್ಯಾಸ.

ಕುಸಿತಕ್ಕೆ ಯಾವ ಕ್ರಮವೂ ಇಲ್ಲದಿದ್ದರೆ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. 5 ಮತ್ತು 197ನೇ ಗುಣಗಳು (ಕೆಟ್ಟ ಸೆಕ್ಟರ್‌ಗಳ ಎಣಿಕೆ) ಸೊನ್ನೆಗಿಂತ ಮೇಲಿದ್ದು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ; ಅದನ್ನು ವೇಗ ಮಾಡುವ ಯೋಚನೆ ಬಿಟ್ಟು, ಒಳಗಿರುವುದನ್ನು ಅಂದೇ ಬೇರೆಡೆಗೆ ಸಾಗಿಸಿ. 199 (ಡೇಟಾ ಸಾಗಣೆಯ ದೋಷಗಳ ಎಣಿಕೆ) ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಒಳಗಿನ ಜೋಡಣೆಯನ್ನು ಅನುಮಾನಿಸಬೇಕು.

ಫೈಲ್ ಸಿಸ್ಟಮ್ ಮತ್ತು ಕ್ಯಾಶ್

ಲಿನಕ್ಸ್ ಸರ್ವರ್‌ಗೆ ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಇರುವ ಡಿಸ್ಕ್ ಚುಚ್ಚಿದ್ದೀರಾ? ಟಾಪ್‌ನಲ್ಲಿ ಮೌಂಟ್-ಎನ್‌ಟಿಎಫ್‌ಎಸ್ ಎಂಬ ಪ್ರಕ್ರಿಯೆ ಒಂದು ಕೋರನ್ನು ತಿನ್ನುತ್ತಿದ್ದರೆ ಹಳೆಯ ಎನ್‌ಟಿಎಫ್‌ಎಸ್-3ಜಿ ಚಾಲನೆಯಲ್ಲಿದೆ, ಅದು ಕರ್ನಲ್ಲಿನ ಹೊರಗೆ ಓಡುತ್ತದೆ. 2021ರ 5.15 ಕರ್ನಲ್‌ನಿಂದ ಎನ್‌ಟಿಎಫ್‌ಎಸ್3 ಎಂಬ ಒಳಗಿನ ಡ್ರೈವರ್ ಇದೆ. ಆದರೆ ಆ ಡಿಸ್ಕ್ ವಿಂಡೋಸ್‌ಗೆ ಹೋಗುವ ಅಗತ್ಯವೇ ಇಲ್ಲದಿದ್ದರೆ ಲಿನಕ್ಸ್‌ನದ್ದೇ ಆದ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಬಿಡಿ. ಎರಡೂ ಕಡೆ ಓಡಾಡಬೇಕಾದರೆ ಎಕ್ಸ್‌ಫ್ಯಾಟ್ ನಡೆಯುತ್ತದೆ, ಆದರೆ ಅದರಲ್ಲಿ ಜರ್ನಲ್ (ಬದಲಾವಣೆಗಳ ಮುಂಗಡ ದಾಖಲೆ) ಇಲ್ಲ, ನಡುವೆ ಕಿತ್ತರೆ ಉಳಿಯುವ ಭರವಸೆ ಕಡಿಮೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತವೇ ಕೂರುವುದಿಲ್ಲ. ಮೌಂಟ್ ಆಯ್ಕೆಗಳಲ್ಲಿ ಸಿಂಕ್ ಎಂಬ ಪದ ಸೇರಿಕೊಂಡಿದೆಯೇ ಎಂದೂ ನೋಡಿ. ಅದಿದ್ದರೆ ಪ್ರತಿ ತುಣುಕಿಗೂ ಡಿಸ್ಕಿನ ಒಪ್ಪಿಗೆಗೆ ಕಾಯಬೇಕಾಗುತ್ತದೆ.

ಡಂಪ್ ಬೇಗ ಮುಗಿದಂತೆ ಕಂಡು ಡಿಸ್ಕ್ ತೆಗೆಯಲು ಹೋದಾಗ ಹತ್ತು ನಿಮಿಷ ಕಾಯಬೇಕಾಗುವುದೂ ಇದೆ. ಬರೆದದ್ದು ಇನ್ನೂ ಮೆಮೊರಿಯಲ್ಲೇ ಇತ್ತು ಎಂದರ್ಥ. ಸರ್ವರ್‌ನಲ್ಲಿ 128 ಜಿಬಿ ಮೆಮೊರಿ ಇದ್ದರೆ ಹಲವು ಜಿಬಿ ಹೀಗೆ ಬಾಕಿ ನಿಲ್ಲುತ್ತದೆ. ಡಂಪ್‌ನ ಪೈಪಿನ (ಒಂದು ಕಮಾಂಡಿನ ಹೊರಹರಿವನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಕೊನೆಯಲ್ಲಿ ಡಿಡಿ ಇಟ್ಟು ನೇರ ಬರವಣಿಗೆ ಮಾಡಿಸುವುದು ನನಗೆ ಹಿಡಿಸಿದ ದಾರಿ. ಪೈಪಿನಿಂದ ತುಂಡು ತುಂಡಾಗಿ ಬರುವುದನ್ನು ಪೂರ್ತಿ ಬ್ಲಾಕ್ ಆಗುವವರೆಗೆ ಕೂಡಿಸಲು ಫುಲ್‌ಬ್ಲಾಕ್ ಆಯ್ಕೆ, ಕೊನೆಯಲ್ಲಿ ಎಲ್ಲವೂ ಡಿಸ್ಕಿಗೆ ಇಳಿಯಿತೆಂದು ಖಾತ್ರಿ ಮಾಡುವ ಎಫ್‌ಸಿಂಕ್ ಆಯ್ಕೆ, ಎರಡೂ ಬೇಕು. ಬ್ಯಾಶ್ ಸ್ಕ್ರಿಪ್ಟಿನ ತಲೆಯಲ್ಲಿ ಪೈಪ್‌ಫೇಲ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಡಂಪ್ ನಡುವೆ ಸತ್ತರೂ ಡಿಡಿ ಯಶಸ್ವಿ ಎಂದು ವರದಿ ಬರುತ್ತದೆ, ನಿಮ್ಮ ಕೈಯಲ್ಲಿ ಅರ್ಧ ಬ್ಯಾಕಪ್ ಉಳಿದಿರುತ್ತದೆ.

ವಿಂಡೋಸ್ 10ರ 1809 ಆವೃತ್ತಿಯಿಂದ ಹೊರ ಡಿಸ್ಕ್‌ಗಳಿಗೆ ಬೇಗ ಕೀಳಬಹುದಾದ ಕ್ವಿಕ್ ರಿಮೂವಲ್ ನೀತಿಯೇ ಮೂಲ ಸೆಟ್ಟಿಂಗ್. ಬೆಟರ್ ಪರ್ಫಾರ್ಮೆನ್ಸ್‌ಗೆ ಬದಲಿಸಿದರೆ ಸಣ್ಣ ಕಡತಗಳಿಗೆ ಲಾಭ. ಆದರೆ ಅಂದಿನಿಂದ ಪ್ರತಿ ಸಲವೂ ಸುರಕ್ಷಿತವಾಗಿ ತೆಗೆಯುವ ಕ್ರಮ ತಪ್ಪಬಾರದು. ಆ ಶಿಸ್ತು ಎಲ್ಲರಲ್ಲೂ ಇರದ ಕಡೆ ನಾನು ಇದನ್ನು ಮುಟ್ಟುವುದಿಲ್ಲ. ಆಂಟಿವೈರಸ್ ಬ್ಯಾಕಪ್ ಕಡತವನ್ನು ಬರೆಯುತ್ತಿದ್ದಂತೆ ಓದುತ್ತಿದೆಯೇ ಎಂಬುದನ್ನೂ ನೋಡಿ, ಬ್ಯಾಕಪ್ ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡಬಹುದು.

ಕುಗ್ಗಿಸುವುದು: ಔಷಧವೂ ಹೌದು, ರೋಗವೂ ಹೌದು

ಅಡ್ಡಿ ಡಿಸ್ಕಿನಲ್ಲಿದ್ದರೆ ಕುಗ್ಗಿಸುವಿಕೆ ದೊಡ್ಡ ಉಪಕಾರ. ಕಡತ ಮೂರನೇ ಒಂದು ಭಾಗಕ್ಕಿಳಿದರೆ ಬರೆಯುವ ಸಮಯವೂ ಅಷ್ಟೇ ಇಳಿಯಿತು. ಅಡ್ಡಿ ಸಿಪಿಯುವಿನಲ್ಲಿದ್ದರೆ ಅದೇ ಶತ್ರು. ಜಿಜಿಪ್ ಎಂಬ ಕುಗ್ಗಿಸುವ ವಿಧಾನ ಮೂಲ ಮಟ್ಟದಲ್ಲಿ ಒಂದೇ ಕೋರ್‌ನಲ್ಲಿ ಸೆಕೆಂಡಿಗೆ ಕೆಲವು ಹತ್ತು ಎಂಬಿಯನ್ನಷ್ಟೇ ನುಂಗಬಲ್ಲದು, ಮತ್ತು ಪಿಜಿ-ಡಂಪ್‌ನ ಕಸ್ಟಮ್ ಸ್ವರೂಪ ಕೇಳದೆಯೇ ಅದನ್ನು ಬಳಸುತ್ತದೆ. ಪೋಸ್ಟ್‌ಗ್ರೆಸ್ 16ರಿಂದ ಪಿಜಿ-ಡಂಪ್‌ನಲ್ಲೇ ಎಲ್‌ಝಡ್4 ಮತ್ತು ಝಡ್‌ಸ್ಟ್ಯಾಂಡರ್ಡ್ ಎಂಬ ಬೇರೆ ಕುಗ್ಗಿಸುವ ವಿಧಾನಗಳ ಆಯ್ಕೆಗಳಿವೆ. ಹಳೆಯ ಆವೃತ್ತಿಯಾದರೆ ಕುಗ್ಗಿಸದ ಡಂಪನ್ನು ಎಲ್ಲ ಕೋರ್‌ಗಳನ್ನೂ ಬಳಸುವ ಝಡ್‌ಸ್ಟ್ಯಾಂಡರ್ಡ್‌ಗೆ ಪೈಪ್ ಮಾಡಿ. ಅದರ 1 ಅಥವಾ 3ನೇ ಮಟ್ಟ ಸಾಕು. ಮೇಲಿನ ಮಟ್ಟಗಳು ಉಳಿಸುವ ಜಾಗಕ್ಕೆ ತೆಗೆದುಕೊಳ್ಳುವ ಸಮಯ ತೀರ ದುಬಾರಿ. ಡೇಟಾಬೇಸಿನಲ್ಲಿ ಚಿತ್ರಗಳು, ಪಿಡಿಎಫ್‌ಗಳು, ಗೂಢಲಿಪಿಯಲ್ಲಿರುವ ಕಾಲಂಗಳೇ ತುಂಬಿದ್ದರೆ ಏನು ಮಾಡಿದರೂ ಕುಗ್ಗುವುದಿಲ್ಲ. ಗೂಢಲಿಪಿ ಬೇಕಿದ್ದರೆ ಕುಗ್ಗಿಸಿದ ಮೇಲೆ ಮಾಡಿ, ಮೊದಲು ಮಾಡಿದರೆ ಕುಗ್ಗಿಸುವ ಶ್ರಮವೆಲ್ಲ ವ್ಯರ್ಥ.

ಡೇಟಾಬೇಸ್ ಕಡೆ

ಪೋಸ್ಟ್‌ಗ್ರೆಸ್‌ನ ಪಿಜಿ-ಬೇಸ್‌ಬ್ಯಾಕಪ್ ಶುರುವಾಗಿ ಹಲವು ನಿಮಿಷ ಒಂದು ಬೈಟೂ ಬರೆಯದೆ ಕೂತರೆ ಡಿಸ್ಕನ್ನು ಬೈಯಬೇಡಿ. ಅದು ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಕೆಲಸ) ಮುಗಿಯುವುದನ್ನು ಕಾಯುತ್ತಿದೆ. ಚೆಕ್‌ಪಾಯಿಂಟ್ ಆಯ್ಕೆಗೆ ಫಾಸ್ಟ್ ಎಂದು ಕೊಟ್ಟರೆ ಕೂಡಲೇ ಶುರುವಾಗುತ್ತದೆ, ಆ ಕ್ಷಣಕ್ಕೆ ಸರ್ವರ್ ಮೇಲೆ ಬರೆಯುವ ಹೊರೆ ಏರುತ್ತದೆ. ಇದೇ ಉಪಕರಣ ಪ್ಲೇನ್ ಸ್ವರೂಪದಲ್ಲಿ ಪ್ರತಿ ಟೇಬಲ್ಲಿನ ಕಡತವನ್ನೂ ಬಿಡಿಯಾಗಿ ಬರೆಯುತ್ತದೆ. ಹೊರ ಡಿಸ್ಕಿಗೆ ಕಡತಗಳನ್ನು ಒಟ್ಟು ಕಟ್ಟಿಡುವ ಟಾರ್ ಸ್ವರೂಪ ವಾಸಿ. ಓದುವ ಘಟ್ಟವೇ ನಿಧಾನವಾಗಿದ್ದರೆ ಪಿಜಿ-ಡಂಪ್‌ನ ಡೈರೆಕ್ಟರಿ ಸ್ವರೂಪದಲ್ಲಿ ಹಲವು ಕೆಲಸಗಾರರನ್ನು ಹಚ್ಚಬಹುದು. ಆದರೆ ನಾಲ್ಕು ಹರಿವುಗಳನ್ನು ತಿರುಗುವ ಒಂದೇ ಡಿಸ್ಕಿಗೆ ಬಿಟ್ಟರೆ ಅದರ ಓದು-ಬರಹದ ಮುಳ್ಳು ಅತ್ತಿಂದಿತ್ತ ಓಡಾಡಿ ಸುಸ್ತಾಗುತ್ತದೆ. ಹಾಗಿದ್ದಾಗ ಒಳಗಿನ ಎಸ್‌ಎಸ್‌ಡಿಗೆ ಸಮಾನಾಂತರವಾಗಿ ಡಂಪ್ ಮಾಡಿ, ಆಮೇಲೆ ಒಂದೇ ಹರಿವಿನಲ್ಲಿ ಹೊರಗೆ ಸಾಗಿಸಿ. ಡೇಟಾಬೇಸಿನ ಮೇಲಿನ ಹೊರೆ ಬೇಗ ಇಳಿಯುತ್ತದೆ. ಡಂಪ್ ನಡೆಯುವಷ್ಟು ಹೊತ್ತೂ ವ್ಯಾಕ್ಯೂಮ್‌ಗೆ ಹಳೆಯ ಸಾಲುಗಳನ್ನು ತೆಗೆಯಲಾಗದ ತೊಂದರೆಯೂ ಚಿಕ್ಕದಾಗುತ್ತದೆ. ಡಂಪ್ ಬೀಳುವ ಡಿಸ್ಕ್ ಡೇಟಾ ಇರುವ ಡಿಸ್ಕೇ ಆಗಿರಬಾರದು.

ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ಡಂಪ್ ಒಂದೇ ದಾರದಲ್ಲಿ (ಥ್ರೆಡ್) ನಡೆಯುತ್ತದೆ. ಮೈಎಸ್‌ಕ್ಯೂಎಲ್ ಶೆಲ್‌ನ ಡಂಪ್ ಸೌಲಭ್ಯಗಳು ಕೇಳದೆಯೇ ನಾಲ್ಕು ದಾರಗಳನ್ನೂ ಝಡ್‌ಸ್ಟ್ಯಾಂಡರ್ಡ್ ಕುಗ್ಗಿಸುವಿಕೆಯನ್ನೂ ಬಳಸುತ್ತವೆ. ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಬಗೆಯ) ಟೇಬಲ್‌ಗಳಿಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಡದಿದ್ದರೆ ಬಳಕೆದಾರರು ಲಾಕ್‌ಗಳಿಗೆ ಸಿಕ್ಕಿ ಒದ್ದಾಡುತ್ತಾರೆ, ಆಗ ನಿಧಾನ ಅನಿಸುವುದು ಬ್ಯಾಕಪ್ ಅಲ್ಲ, ಇಡೀ ವ್ಯವಸ್ಥೆ.

ಎಸ್‌ಕ್ಯೂಎಲ್ ಸರ್ವರ್ ತನ್ನ ಬ್ಯಾಕಪ್ಪಿನ ಕೊನೆಯಲ್ಲಿ ಸೆಕೆಂಡಿಗೆ ಎಷ್ಟು ಎಂಬಿ ಎಂದು ತಾನೇ ಬರೆಯುತ್ತದೆ, ಆ ಸಾಲನ್ನು ಕೂಡಿಡಿ. ಕಂಪ್ರೆಷನ್ ಹಾಕಿ, ಒಂದು ಸಲಕ್ಕೆ ಸಾಗುವ ತುಣುಕಿನ ಗಾತ್ರವಾದ ಮ್ಯಾಕ್ಸ್‌ಟ್ರಾನ್ಸ್‌ಫರ್‌ಸೈಜ್ ಅನ್ನು ಅದರ ಗರಿಷ್ಠವಾದ 4 ಎಂಬಿಗೆ ಏರಿಸಿ ನೋಡಿ. ಬಫರ್‌ಕೌಂಟ್ ಏರಿಸುವಾಗ ಮೆಮೊರಿಯ ಲೆಕ್ಕ ಇರಲಿ: 50 ಬಫರ್, ತಲಾ 4 ಎಂಬಿ ಎಂದರೆ 200 ಎಂಬಿ.

ಇಷ್ಟಾದರೂ ಬ್ಯಾಕಪ್‌ಗೆಂದು ಇಟ್ಟ ಸಮಯದೊಳಗೆ ಕೂರದಿದ್ದರೆ ದಿನವೂ ಪೂರ್ತಿ ಬರೆಯುವುದನ್ನೇ ಬಿಡಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡಿಫರೆನ್ಷಿಯಲ್ ಬಹಳ ಕಾಲದಿಂದ ಇದೆ, ಪೋಸ್ಟ್‌ಗ್ರೆಸ್‌ನಲ್ಲಿ 2024ರ 17ನೇ ಆವೃತ್ತಿಯಿಂದ ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ಪಿನ ನಂತರ ಬದಲಾದದ್ದಷ್ಟೇ) ಬಂದಿದೆ.

ಮಾಡಬಾರದ್ದು

ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ಮೊತ್ತ) ನಿಲ್ಲಿಸುವುದು, ಎಫ್‌ಸಿಂಕ್ ಬಿಡುವುದು, ಪರಿಶೀಲನೆಯ ಹೆಜ್ಜೆ ಕತ್ತರಿಸುವುದು. ಇವುಗಳಿಂದ ಕೆಲವು ನಿಮಿಷ ಉಳಿಯುತ್ತದೆ ನಿಜ. ಆದರೆ ಕೆಟ್ಟ ಬ್ಯಾಕಪ್ ಇದೆ ಎಂದು ತಿಳಿಯುವುದು ಅದು ಬೇಕಾದ ದಿನವೇ. ಸಮಯವನ್ನು ಬೇರೆ ಎಲ್ಲಿಂದಾದರೂ ಉಳಿಸಿ, ಇಲ್ಲಿಂದ ಮಾತ್ರ ಬೇಡ. ಎಸ್‌ಕ್ಯೂಎಲ್ ಸರ್ವರ್‌ನ ರಿಸ್ಟೋರ್ ವೆರಿಫೈ-ಓನ್ಲಿ, ಪೋಸ್ಟ್‌ಗ್ರೆಸ್ 13ರಿಂದ ಇರುವ ಪಿಜಿ-ವೆರಿಫೈಬ್ಯಾಕಪ್ ಎರಡೂ ಬ್ಯಾಕಪ್ ಮುಗಿದ ಮೇಲೆ ಓಡುತ್ತವೆ. ಆ ಹೊತ್ತಿಗೆ ಡೇಟಾಬೇಸ್ ಬಿಡುಗಡೆಯಾಗಿರುತ್ತದೆ, ಯಾರಿಗೂ ತೊಂದರೆಯಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆದು, ಅದೇ ಕಾಗದದಲ್ಲಿ ಬರೆಯಿರಿ. ಸಮಾಧಾನದ ಅಂಕಿ ಬಂದ ಮೇಲೆ ಅದೇ ಹೊರ ಡಿಸ್ಕಿನಿಂದ, ಅದೇ ಕೇಬಲ್ಲಿನಲ್ಲಿ, ಬೇರೊಂದು ಯಂತ್ರಕ್ಕೆ ಪೂರ್ತಿ ರಿಸ್ಟೋರ್ ಮಾಡಿ ಸಮಯ ನೋಡಿ. ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಬೇಕಾದ್ದರಿಂದ ಡಂಪ್‌ನ ರಿಸ್ಟೋರ್ ಬ್ಯಾಕಪ್ಪಿಗಿಂತ ಹೆಚ್ಚೇ ಹಿಡಿಯುತ್ತದೆ. ಪಿಜಿ-ರಿಸ್ಟೋರ್‌ಗೆ ಹಲವು ಕೆಲಸಗಾರರನ್ನು ಕೊಟ್ಟರೆ ಅದು ಇಳಿಯುತ್ತದೆ, ಕಡತ ಪೈಪಿನಿಂದ ಬರದೆ ಡಿಸ್ಕಿನಲ್ಲೇ ಇದ್ದಾಗ ಮಾತ್ರ. ಆ ರಿಸ್ಟೋರ್ ಸಮಯವನ್ನೂ ಪರೀಕ್ಷಿಸಿದ ತಾರೀಖನ್ನೂ ಡಿಸ್ಕಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆಯಿರಿ.